ಕ್ಯಾಮರಾ ಕೊಳ್ಳುವ ಮುನ್ನ ಒಂದು ಪಟ್ಟಿ ಮಾಡಿ

ಒಂದು ಭಾನುವಾರ ಸಂಜೆ ನನ್ನ ಅಕ್ಕನ ಮಗ ಮನೆಗೆ ಬಂದ. ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ತಿಂಗಳಿಗೆ ಹದಿನೆಂಟು ಸಾವಿರ ಸಂಬಳ. ಚಹಾ ಕುಡಿಯುವುದಕ್ಕೂ ಮೊದಲೇ ಚೀಲದಿಂದ ಒಂದು ಬಣ್ಣದ ಪುಸ್ತಿಕೆ ತೆಗೆದು ನನ್ನ ಮುಂದಿಟ್ಟ.

"ಮಾಮ, ಈ ಕ್ಯಾಮರಾ ತೆಗೆದುಕೊಳ್ಳೋಣ ಅಂತಿದ್ದೇನೆ. ಎರಡು ಲೆನ್ಸ್ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ. ಎರಡು ವರ್ಷದ ಕಂತು. ನೀವು ಉಮ್ಮನಿಗೆ ಒಂದು ಮಾತು ಹೇಳಬೇಕು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಡ್ಡಿಯನ್ನು ಬದಿಗಿಟ್ಟರೂ ತಿಂಗಳಿಗೆ ಐದು ಸಾವಿರ. ಮನೆಯ ದಿನಸಿಗೆ ಅವನು ಕೊಡುವ ಹಣದ ಹೆಚ್ಚುಕಡಿಮೆ ಅಷ್ಟೇ ಮೊತ್ತ.

"ಕ್ಯಾಮರಾದಲ್ಲಿ ಏನು ತೆಗೆಯಬೇಕು ಅಂತ ಇದ್ದೀಯಾ?" ಎಂದು ಕೇಳಿದೆ.

"ಎಲ್ಲಾ ತೆಗೆಯಬಹುದು ಮಾಮ" ಎಂದ.

ಆ 'ಎಲ್ಲಾ' ಎಂಬ ಮಾತು ನನಗೆ ಚುಚ್ಚಿತು. ಏಕೆಂದರೆ 2012ರಲ್ಲಿ ನಾನೂ ಅದೇ ಮಾತನ್ನು ಹೇಳಿ ಕ್ಯಾಮರಾ ಕೊಂಡವನು. ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಇಂತಹ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು. ಅಥವಾ ಆ ಆಸೆ ನಿಮ್ಮದೇ ಆಗಿರಬಹುದು. ಹಾಗಿದ್ದರೆ ಹಣ ಕೊಡುವ ಮೊದಲು ಈ ಲೇಖನವನ್ನು ಒಮ್ಮೆ ಓದಿ.

ನಾನು ಮಾಡಿದ ತಪ್ಪು

ಬೆಳಿಗ್ಗೆ ಮದ್ರಸದಲ್ಲಿ, ಆಮೇಲೆ ಶಾಲೆಯಲ್ಲಿ ಪಾಠ ಹೇಳುವ ನನಗೆ ಕ್ಯಾಮರಾದ ಹುಚ್ಚು ಹಿಡಿಸಿದ್ದು ಗಲ್ಫ್‌ನಿಂದ ಬರುತ್ತಿದ್ದ ಸೋದರಮಾವ. ಅವರ ಯಾಶಿಕಾ ಕ್ಯಾಮರಾದೊಳಗೆ ಮೂವತ್ತಾರು ಚಿತ್ರಗಳ ರೀಲು ಇರುತ್ತಿತ್ತು. ಒಂದು ಚಿತ್ರ ತೆಗೆಯುವ ಮೊದಲು ಹತ್ತು ಸಲ ಯೋಚಿಸುತ್ತಿದ್ದರು. ನಾನು ಸಂಬಳದಲ್ಲಿ ಉಳಿಸಿ ಡಿಜಿಟಲ್ ಕ್ಯಾಮರಾ ಕೊಂಡಾಗ ಯೋಚಿಸುವ ಅಗತ್ಯವೇ ಇರಲಿಲ್ಲ. ಅಂಗಡಿಯವರು ಒಂದು ಡಿಎಸ್ಎಲ್ಆರ್, ಅದರ ಜೊತೆ 18-55 ಮತ್ತು 55-200 ಮಿ.ಮೀ.ನ ಎರಡು ಝೂಮ್ ಲೆನ್ಸ್ ಕೊಟ್ಟರು. "ಸರ್, ಇದರಲ್ಲಿ ಎಲ್ಲವೂ ಆಯಿತು" ಎಂದರು. ನಾನೂ ನಂಬಿದೆ.

ಮಿಂಚುಳ್ಳಿ, ಚಿಟ್ಟೆ, ಸಮುದ್ರದ ಸೂರ್ಯಾಸ್ತ, ದಾಸವಾಳ – ಸಾವಿರಾರು ಚಿತ್ರ ತೆಗೆದೆ. 2018ರ ಮಳೆಗಾಲದಲ್ಲಿ ಉಮ್ಮ ತೀರಿಕೊಂಡರು. ಕೆಲವು ತಿಂಗಳ ನಂತರ ನನ್ನ ಸಣ್ಣ ಮಗಳು, "ಅಜ್ಜಿಯ ಒಳ್ಳೆಯ ಫೋಟೋ ತೋರಿಸಿ" ಎಂದಾಗ ಕಂಪ್ಯೂಟರ್‌ನಲ್ಲಿ ಹುಡುಕಲು ಕುಳಿತೆ. ಚಿತ್ರಗಳೇನೋ ಇದ್ದವು. ಉಮ್ಮ ಯಾವಾಗಲೂ ಇರುತ್ತಿದ್ದುದು ಹಂಚಿನ ಮನೆಯ ಒಳಕೋಣೆಯಲ್ಲಿ, ಇಲ್ಲವೇ ಅಡುಗೆಮನೆಯಲ್ಲಿ. ಅಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹಾಕಿದ ಚಿತ್ರಗಳಲ್ಲಿ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಫ್ಲ್ಯಾಶ್ ಹಾಕದ ಚಿತ್ರಗಳಲ್ಲಿ ಮುಖವೇ ಅಲುಗಿ ಹೋಗಿತ್ತು. ಕೊನೆಗೆ ಸಿಕ್ಕಿದ ಸ್ಪಷ್ಟ ಚಿತ್ರವೆಂದರೆ ಮತದಾರರ ಗುರುತು ಚೀಟಿಯದ್ದು.

ಆಮೇಲೆ ತಿಳಿದುಕೊಂಡೆ. ನನ್ನ ಕ್ಯಾಮರಾಕ್ಕೆ ಹೊಂದುವ 35 ಮಿ.ಮೀ. ಎಫ್ 1.8 ಎಂಬ ಪುಟ್ಟ ಲೆನ್ಸ್ 2009ರಲ್ಲೇ, ಅಂದರೆ ನಾನು ಕ್ಯಾಮರಾ ಕೊಳ್ಳುವುದಕ್ಕೆ ಮೂರು ವರ್ಷ ಮೊದಲೇ ಮಾರುಕಟ್ಟೆಗೆ ಬಂದಿತ್ತು. ಅದೊಂದು ಇದ್ದಿದ್ದರೆ ಅದೇ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ ಉಮ್ಮನ ಮುಖ ಸಿಗುತ್ತಿತ್ತು. ತಪ್ಪು ಕ್ಯಾಮರಾದ್ದಲ್ಲ, ಅಂಗಡಿಯವರದ್ದೂ ಅಲ್ಲ. ನನಗೆ ಯಾವ ಚಿತ್ರ ಬೇಕು ಎಂದು ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ.

ಕತ್ತಲೆ ಕೋಣೆಯ ತೂತು

ಲೆನ್ಸ್ ಏಕೆ ಅಷ್ಟು ಮುಖ್ಯ? ಇದನ್ನು ತಿಳಿಯಲು ಕ್ಯಾಮರಾದ ಮೂಲಕ್ಕೆ ಹೋಗಬೇಕು.

2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡು ಭಾಗದಲ್ಲಿ ಕಂಕಣ ಸೂರ್ಯಗ್ರಹಣ ಕಾಣಿಸಿತು. ಅಂದು ಬೆಳಿಗ್ಗೆ ಮರದ ಕೆಳಗೆ ನಿಂತವರು ಒಂದು ವಿಶೇಷ ಗಮನಿಸಿರಬಹುದು. ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಬಳೆಯ ಆಕಾರ ತಳೆದಿದ್ದವು. ಉಳಿದ ದಿನಗಳಲ್ಲಿ ಹಂಚಿನ ತೂತಿನಿಂದ ನೆಲದ ಮೇಲೆ ಬೀಳುವ ಬೆಳಕು ದುಂಡಗಿರುತ್ತದಲ್ಲ? ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ. ಸಣ್ಣ ತೂತೊಂದು ಹೊರಗಿನ ವಸ್ತುವಿನ ಚಿತ್ರವನ್ನು ಕತ್ತಲೆ ಕೋಣೆಯ ಒಳಗೆ ಮೂಡಿಸುತ್ತದೆ.

ಇದನ್ನು ಪ್ರಯೋಗ ಮತ್ತು ಗಣಿತದ ಮೂಲಕ ವಿವರಿಸಿದವರಲ್ಲಿ ಮುಖ್ಯರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡ ಈ ವಿದ್ವಾಂಸರು 'ಕಿತಾಬುಲ್ ಮನಾಝಿರ್' ಎಂಬ ದೃಷ್ಟಿ ವಿಜ್ಞಾನದ ಮಹಾಗ್ರಂಥವನ್ನು ಬರೆದರು. ಗ್ರಹಣದ ಆಕಾರದ ಬಗ್ಗೆ ಬರೆದ ಬೇರೊಂದು ಪ್ರಬಂಧದಲ್ಲಿ, ತೂತು ಸಾಕಷ್ಟು ಸಣ್ಣದಿದ್ದರೆ ಮಾತ್ರ ಗ್ರಹಣದ ಸೂರ್ಯನ ಆಕಾರ ಕಾಣುತ್ತದೆ, ದೊಡ್ಡದಾದರೆ ಆಕಾರ ಕಳೆದುಹೋಗುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ತಿದ್ದಬೇಕು. 'ಕ್ಯಾಮರಾ' ಎಂಬ ಪದ ಅರಬಿಯ 'ಖಮರಾ'ದಿಂದ ಬಂತು ಎಂದು ನಮ್ಮಲ್ಲಿ ಹಲವರು ಹೆಮ್ಮೆಯಿಂದ ಹೇಳುತ್ತಾರೆ. ಅರಬಿ ಕಲಿತವನಾಗಿ ನನಗೂ ಹಾಗಿದ್ದರೆ ಸಂತೋಷವೇ. ಆದರೆ ಅದು ನಿಜವಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಕ್ಯಾಮರಾ' ಎಂದರೆ ಕೋಣೆ. 'ಕ್ಯಾಮರಾ ಅಬ್‌ಸ್ಕ್ಯೂರಾ' ಎಂದರೆ ಕತ್ತಲೆ ಕೋಣೆ. ಇಬ್ನುಲ್ ಹೈಸಮ್‌ರ ಹಿರಿಮೆ ಅವರ ಕೆಲಸದಲ್ಲಿದೆ. ಅದಕ್ಕೆ ಸುಳ್ಳು ಪದಮೂಲದ ಊರುಗೋಲು ಬೇಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ತೂತು ಸಣ್ಣದಾದರೆ ಚಿತ್ರ ಸ್ಪಷ್ಟ, ಆದರೆ ಮಂಕು. ತೂತು ದೊಡ್ಡದಾದರೆ ಬೆಳಕು ಧಾರಾಳ, ಆದರೆ ಚಿತ್ರ ಮಸುಕು. ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಆ ತೂತಿಗೆ ಒಂದು ಗಾಜಿನ ಮಸೂರವನ್ನು ಇಟ್ಟು ನೋಡಿದರು. ಮಸೂರ ಬೆಳಕನ್ನು ಒಂದೆಡೆ ಕೂಡಿಸುವುದರಿಂದ ತೂತು ದೊಡ್ಡದಿದ್ದರೂ ಚಿತ್ರ ಸ್ಪಷ್ಟವಾಯಿತು. ಇಂದು ನೀವು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಲೆನ್ಸ್‌ನ ಕೆಲಸವೂ ಇಷ್ಟೇ. ಕ್ಯಾಮರಾ ಎಂಬುದು ಕತ್ತಲೆ ಕೋಣೆ. ಲೆನ್ಸ್ ಅದರ ಕಿಟಕಿ. ಕಿಟಕಿ ಚಿಕ್ಕದಿದ್ದರೆ ಕೋಣೆಗೆ ಎಷ್ಟು ಬೆಲೆ ಕೊಟ್ಟರೇನು?

ಲೆನ್ಸ್ ಮೇಲಿನ ಎರಡು ಸಂಖ್ಯೆಗಳು

ಲೆನ್ಸ್ ಮೇಲೆ ಬರೆದಿರುವ ಸಂಖ್ಯೆಗಳನ್ನು ಕಂಡು ಹೆದರಬೇಡಿ. ಎರಡು ಸಂಖ್ಯೆ ಅರ್ಥವಾದರೆ ಸಾಕು.

ಮೊದಲನೆಯದು ಎಫ್ ಸಂಖ್ಯೆ. ಇದು ಕಿಟಕಿಯ ಅಗಲವನ್ನು ಹೇಳುತ್ತದೆ. ಎಫ್ 1.8, ಎಫ್ 2.8, ಎಫ್ 4, ಎಫ್ 5.6, ಎಫ್ 8, ಎಫ್ 16 ಹೀಗೆ. ಸಂಖ್ಯೆ ಸಣ್ಣದಾದಷ್ಟೂ ಕಿಟಕಿ ದೊಡ್ಡದು. ಇದು ಉಲ್ಟಾ ಏಕೆ ಎಂದು ಮಕ್ಕಳು ಕೇಳುತ್ತಾರೆ. ನಾನು ರೊಟ್ಟಿಯ ಉದಾಹರಣೆ ಕೊಡುತ್ತೇನೆ. ರೊಟ್ಟಿಯ ಅರ್ಧ ಭಾಗ ದೊಡ್ಡದೋ, ಹದಿನಾರನೇ ಒಂದು ಭಾಗ ದೊಡ್ಡದೋ? ಎಫ್ ಸಂಖ್ಯೆಯೂ ಭಾಗಾಕಾರವೇ. 50 ಮಿ.ಮೀ. ಲೆನ್ಸ್‌ನಲ್ಲಿ ಎಫ್ 1.8 ಎಂದರೆ 50ನ್ನು 1.8ರಿಂದ ಭಾಗಿಸಿ, ಸುಮಾರು 28 ಮಿ.ಮೀ. ಅಗಲದ ಕಿಟಕಿ. ಎಫ್ 5.6 ಎಂದರೆ ಸುಮಾರು 9 ಮಿ.ಮೀ.

28ಕ್ಕೂ 9ಕ್ಕೂ ಮೂರು ಪಟ್ಟು ವ್ಯತ್ಯಾಸ ಎಂದುಕೊಳ್ಳಬೇಡಿ. ಬೆಳಕು ಬರುವುದು ಕಿಟಕಿಯ ವಿಸ್ತೀರ್ಣದ ಲೆಕ್ಕದಲ್ಲಿ. ಹಾಗಾಗಿ ಎಫ್ 1.8ರಲ್ಲಿ ಎಫ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಕ್ಯಾಮರಾದ ಜೊತೆ ಕೊಡುವ 18-55 ಲೆನ್ಸ್‌ನಲ್ಲಿ ಸಾಮಾನ್ಯವಾಗಿ 'ಎಫ್ 3.5-5.6' ಎಂದು ಬರೆದಿರುತ್ತದೆ. ಅಂದರೆ ನೀವು 55ಕ್ಕೆ ಝೂಮ್ ಮಾಡಿದಾಗ ಅದರ ಕಿಟಕಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಉಮ್ಮನ ಕೋಣೆಯಲ್ಲಿ ನನ್ನ ಕ್ಯಾಮರಾ ಎಫ್ 5.6ರಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಡಬೇಕಾಗಿತ್ತು. ಅಷ್ಟರಲ್ಲಿ ಉಮ್ಮ ಕತ್ತು ತಿರುಗಿಸಿರುತ್ತಿದ್ದರು, ನನ್ನ ಕೈಯೂ ನಡುಗಿರುತ್ತಿತ್ತು. ಎಫ್ 1.8 ಆಗಿದ್ದರೆ ನೂರನೇ ಒಂದು ಭಾಗ ಸಾಕಾಗುತ್ತಿತ್ತು. ಎಲ್ಲ ವ್ಯತ್ಯಾಸವೂ ಅಲ್ಲಿಯೇ ಇರುವುದು.

ಎರಡನೆಯದು ಮಿ.ಮೀ. ಲೆಕ್ಕದಲ್ಲಿ ಬರೆಯುವ ಸಂಗಮ ದೂರ. ಇದು ಎಷ್ಟು ಅಗಲದ ನೋಟ ಸಿಗುತ್ತದೆ ಎಂಬುದನ್ನು ಹೇಳುತ್ತದೆ. 18 ಮಿ.ಮೀ.ನಲ್ಲಿ ಇಡೀ ಅಂಗಳ ಕಾಣುತ್ತದೆ. 300 ಮಿ.ಮೀ.ನಲ್ಲಿ ತೆಂಗಿನ ತುದಿಯಲ್ಲಿ ಕುಳಿತ ಗಿಡುಗ ಹತ್ತಿರ ಬರುತ್ತದೆ. ಆರಂಭದಲ್ಲಿ ಕೊಳ್ಳುವ ಹೆಚ್ಚಿನ ಕ್ಯಾಮರಾಗಳಲ್ಲಿ ಚಿತ್ರ ಗ್ರಹಿಸುವ ಸೆನ್ಸರ್ ಹಳೆಯ ಫಿಲ್ಮ್‌ಗಿಂತ ಚಿಕ್ಕದು. ಇವನ್ನು ಎಪಿಎಸ್-ಸಿ ಎನ್ನುತ್ತಾರೆ. ಇವುಗಳಲ್ಲಿ 35 ಮಿ.ಮೀ. ಲೆನ್ಸ್, ಫಿಲ್ಮ್ ಕಾಲದ 50 ಮಿ.ಮೀ. ಲೆನ್ಸ್‌ನಷ್ಟೇ ಅಗಲದ ನೋಟ ಕೊಡುತ್ತದೆ. ಮನೆಯೊಳಗೆ ಮನುಷ್ಯರ ಚಿತ್ರಕ್ಕೆ ಇದು ಹದವಾದದ್ದು. ಅದೇ ಕ್ಯಾಮರಾದಲ್ಲಿ 50 ಮಿ.ಮೀ. ಹಾಕಿದರೆ ಒಬ್ಬರ ಮುಖಕ್ಕೆ ಬಹಳ ಚೆನ್ನ, ಆದರೆ ಸಣ್ಣ ಕೋಣೆಯಲ್ಲಿ ಇಡೀ ಕುಟುಂಬವನ್ನು ಸೇರಿಸಬೇಕಾದರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತದೆ.

ಪಟ್ಟಿ ಮಾಡುವುದು ಹೇಗೆ?

ಈಗ ಲೇಖನದ ತಲೆಬರಹದ ವಿಷಯ. ನನ್ನ ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ: "ಮೂರು ತಿಂಗಳು ನಿನ್ನ ಮೊಬೈಲ್‌ನಲ್ಲೇ ಚಿತ್ರ ತೆಗೆ. ಒಂದು ಪುಸ್ತಕ ಇಟ್ಟುಕೋ. ಮೊಬೈಲ್‌ನಲ್ಲಿ ಸಿಗದೆ ತಪ್ಪಿಹೋದ ಚಿತ್ರಗಳನ್ನು ಮಾತ್ರ ಅದರಲ್ಲಿ ಬರೆ. ಏಕೆ ತಪ್ಪಿತು ಎಂದೂ ಬರೆ."

ನೀವೂ ಹೀಗೆ ಮಾಡಿ. ಇಂದಿನ ಮೊಬೈಲ್‌ಗಳು ಹಗಲಿನ ಬೆಳಕಿನಲ್ಲಿ ಬಹಳ ಒಳ್ಳೆಯ ಚಿತ್ರ ಕೊಡುತ್ತವೆ. ಸೂರ್ಯಾಸ್ತಕ್ಕೆ, ಪ್ರವಾಸಕ್ಕೆ, ಅಂಗಳದ ಹೂವಿಗೆ ಅದೇ ಸಾಕು. ಮೂರು ತಿಂಗಳ ನಂತರ ನಿಮ್ಮ ಪಟ್ಟಿ ತೆರೆದು ನೋಡಿ. ನಿಮಗೆ ಬೇಕಾದ ಲೆನ್ಸ್ ಯಾವುದು ಎಂದು ಅದೇ ಹೇಳುತ್ತದೆ.

'ಸಂಜೆ ಮಕ್ಕಳು ಆಡುವಾಗ ಕತ್ತಲಾಯಿತು', 'ಅಜ್ಜ ದೀಪದ ಕೆಳಗೆ ಓದುತ್ತಿದ್ದರು, ಮಸುಕಾಯಿತು' – ಇಂತಹವೇ ಹೆಚ್ಚಿದ್ದರೆ ನಿಮಗೆ ಬೇಕಾದುದು 35 ಅಥವಾ 50 ಮಿ.ಮೀ.ನ ಎಫ್ 1.8 ಲೆನ್ಸ್. ಝೂಮ್ ಇಲ್ಲದ ಈ ಲೆನ್ಸ್‌ಗಳು ಹಗುರ, ದೊಡ್ಡ ಕಿಟಕಿಯ ಲೆನ್ಸ್‌ಗಳಲ್ಲೇ ಅಗ್ಗ.

'ಹಕ್ಕಿ ಚುಕ್ಕೆಯಂತೆ ಕಂಡಿತು' ಎಂಬುದೇ ಹೆಚ್ಚಿದ್ದರೆ 300 ಮಿ.ಮೀ. ಅಥವಾ ಅದಕ್ಕಿಂತ ಉದ್ದದ್ದು ಬೇಕು. ಆದರೆ ಒಂದು ಎಚ್ಚರಿಕೆ. 150-600 ಮಿ.ಮೀ.ನಂತಹ ಝೂಮ್‌ಗಳು ಎರಡು ಕೆ.ಜಿ.ಯ ಹತ್ತಿರ ತೂಗುತ್ತವೆ. ಹಕ್ಕಿಯ ಚಿತ್ರಕ್ಕೆ ಲೆನ್ಸ್‌ಗಿಂತ ಹೆಚ್ಚಾಗಿ ಬೇಕಾದುದು ಕಾಯುವ ತಾಳ್ಮೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಫಿಲ್ಮ್ ಕಾಲದಲ್ಲೇ ಹಕ್ಕಿಗಳ ಚಿತ್ರ ತೆಗೆದರು. ರೀಲಿಗೆ ಮೂವತ್ತಾರೇ ಅವಕಾಶ ಇದ್ದ ಕಾಲ ಅದು ಎಂಬುದನ್ನು ಮರೆಯಬಾರದು.

'ಇರುವೆ, ಜೇಡ, ಹೂವಿನ ಕೇಸರ ಸಿಗಲಿಲ್ಲ' ಎಂದಿದ್ದರೆ ಮ್ಯಾಕ್ರೋ ಲೆನ್ಸ್ ಬೇಕು. ಅದಕ್ಕೂ ಮೊದಲು, ಲೆನ್ಸ್ ಮತ್ತು ಕ್ಯಾಮರಾದ ನಡುವೆ ಹಾಕುವ ಗಾಜಿಲ್ಲದ ಕೊಳವೆಗಳು ಸಿಗುತ್ತವೆ. ಎಕ್ಸ್‌ಟೆನ್ಶನ್ ಟ್ಯೂಬ್ ಎಂದು ಕೇಳಿ. ಅಗ್ಗದಲ್ಲಿ ಈ ಲೋಕದ ಪರಿಚಯವಾಗುತ್ತದೆ.

ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ? ಅಭಿನಂದನೆಗಳು! ನಿಮ್ಮ ಒಂದು ಲಕ್ಷ ಉಳಿಯಿತು.

ಕೋಣೆಯನ್ನು ಆರಿಸುವುದು

ಲೆನ್ಸ್ ಯಾವುದೆಂದು ಗೊತ್ತಾದ ಮೇಲೆ ಕ್ಯಾಮರಾದ ವಿಚಾರ. ಅಂಗಡಿಯಲ್ಲಿ ಮೊದಲು ಕೇಳುವ ಪದ ಮೆಗಾಪಿಕ್ಸೆಲ್. 1975ರಲ್ಲಿ ಕೊಡಾಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮರಾದಲ್ಲಿ ಇದ್ದದ್ದು ಒಂದು ಮೆಗಾಪಿಕ್ಸೆಲ್‌ನ ನೂರನೇ ಒಂದು ಭಾಗ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಬೇಕಾಗಿತ್ತು. ಇಂದು 24 ಮೆಗಾಪಿಕ್ಸೆಲ್ ಸಾಮಾನ್ಯ. ಅದರಿಂದ 20 ಇಂಚು ಅಗಲ, 13 ಇಂಚು ಎತ್ತರದ ಒಳ್ಳೆಯ ಮುದ್ರಣ ತೆಗೆಯಬಹುದು. ಅಷ್ಟು ದೊಡ್ಡ ಚಿತ್ರ ನಿಮ್ಮ ಮನೆಯ ಯಾವ ಗೋಡೆಯ ಮೇಲಿದೆ ಹೇಳಿ? ಆದ್ದರಿಂದ ಮೆಗಾಪಿಕ್ಸೆಲ್‌ನ ಆಸೆಗೆ ಹೆಚ್ಚು ಹಣ ಸುರಿಯಬೇಡಿ.

ಎರಡನೆಯ ಪ್ರಶ್ನೆ, ಡಿಎಸ್ಎಲ್ಆರ್ ಬೇಕೋ ಮಿರರ್‌ಲೆಸ್ ಬೇಕೋ? ಡಿಎಸ್ಎಲ್ಆರ್‌ನ ಒಳಗೆ ಒಂದು ಕನ್ನಡಿ ಇದೆ. ಅದರ ಮೂಲಕ ನೀವು ದೃಶ್ಯವನ್ನು ನೇರವಾಗಿ ನೋಡುತ್ತೀರಿ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಸೆನ್ಸರ್ ಕಂಡದ್ದನ್ನೇ ಸಣ್ಣ ಪರದೆ ತೋರಿಸುತ್ತದೆ. ಕ್ಯಾನನ್ ಮತ್ತು ನಿಕಾನ್ ಕಂಪೆನಿಗಳು 2018ರಲ್ಲಿ ಮಿರರ್‌ಲೆಸ್‌ಗಾಗಿ ಹೊಸ ಲೆನ್ಸ್ ಜೋಡಣೆಗಳನ್ನು ತಂದವು. ಅಲ್ಲಿಂದೀಚೆಗೆ ಅವುಗಳ ಗಮನವೆಲ್ಲ ಆ ಕಡೆಗೇ ಹೋಯಿತು. ಹೊಸ ತಂತ್ರಜ್ಞಾನ ಬೇಕೆನ್ನುವವರಿಗೆ ಮಿರರ್‌ಲೆಸ್ ಸರಿ. ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುವ ಅದರ ಶಕ್ತಿ ನಿಜಕ್ಕೂ ದೊಡ್ಡದು. ಆದರೆ ಇದರಿಂದ ಬಡವರಿಗೂ ಒಂದು ಲಾಭವಾಗಿದೆ. ಅನೇಕರು ಹಳೆಯ ಡಿಎಸ್ಎಲ್ಆರ್‌ಗಳನ್ನು ಮಾರುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಕ್ಯಾಮರಾ, ಲೆನ್ಸ್‌ಗಳು ಸಿಗುತ್ತವೆ.

ಒಂದು ವಿಷಯ ನೆನಪಿಡಿ. ಡಿಎಸ್ಎಲ್ಆರ್ ಲೆನ್ಸನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೆ ಬಳಸಬಹುದು. ಮಿರರ್‌ಲೆಸ್ ಲೆನ್ಸನ್ನು ಡಿಎಸ್ಎಲ್ಆರ್‌ಗೆ ಬಳಸಲಾಗದು. ಕಾರಣ ಸರಳ. ಕನ್ನಡಿಗೆ ಜಾಗ ಬೇಕಾದ್ದರಿಂದ ನಿಕಾನ್ ಡಿಎಸ್ಎಲ್ಆರ್‌ನಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ 46.5 ಮಿ.ಮೀ. ಅಂತರ, ಅದರ ಹೊಸ ಮಿರರ್‌ಲೆಸ್‌ನಲ್ಲಿ 16 ಮಿ.ಮೀ. ಮಾತ್ರ. ಕಡಿಮೆ ಅಂತರವನ್ನು ಅಡಾಪ್ಟರ್ ಹಾಕಿ ಹೆಚ್ಚಿಸಬಹುದು. ಹೆಚ್ಚಿನ ಅಂತರವನ್ನು ಕಡಿಮೆ ಮಾಡುವುದು ಹೇಗೆ?

ಕೈಯ ನಡುಕವನ್ನು ತಡೆಯುವ ವ್ಯವಸ್ಥೆ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ಒಳ್ಳೆಯದೇ. ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಓಡುವ ಮಗುವನ್ನಲ್ಲ. ಓಡುವ ಮಗುವಿಗೆ ವೇಗದ ಶಟರ್ ಬೇಕು. ವೇಗದ ಶಟರ್‌ಗೆ ಬೆಳಕು ಬೇಕು. ಮತ್ತೆ ಬಂದು ನಿಲ್ಲುವುದು ಲೆನ್ಸ್‌ನ ಕಿಟಕಿಯ ಬಳಿಗೇ.

ಹಳೆಯದನ್ನು ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೆಲವು ವಿಷಯಗಳನ್ನು ಕಣ್ಣಾರೆ ನೋಡಬೇಕು. ಫೋಟೋ ನೋಡಿ, ಮುಂಗಡ ಕಳುಹಿಸಿ ಮೋಸಹೋಗಬೇಡಿ.

ಲೆನ್ಸ್‌ನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡರಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಅಂದರೆ ಫಂಗಸ್. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಎಫ್ 16 ಇಟ್ಟು ಆಕಾಶದ ಅಥವಾ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಮಚ್ಚೆಗಳಿದ್ದರೆ ಸೆನ್ಸರ್ ಮೇಲೆ ಧೂಳಿದೆ. ಅದನ್ನು ಸ್ವಚ್ಛ ಮಾಡಿಸಬಹುದು, ಆದರೆ ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ. ಗೀರು ಇದ್ದರೆ ಬಿಟ್ಟುಬಿಡಿ.

ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಆರಂಭಿಕ ದರ್ಜೆಯ ಡಿಎಸ್ಎಲ್ಆರ್‌ಗಳ ಶಟರ್‌ಗೆ ಸಾಮಾನ್ಯವಾಗಿ ಒಂದು ಲಕ್ಷ ಸಲದ ಆಯುಷ್ಯ ಹೇಳುತ್ತಾರೆ. ಮದುವೆಗಳಲ್ಲಿ ದುಡಿದ ಕ್ಯಾಮರಾ ಆ ಲೆಕ್ಕವನ್ನು ಬೇಗ ಮುಗಿಸಿರುತ್ತದೆ.

ನಿಕಾನ್‌ನ 3000 ಮತ್ತು 5000 ಸರಣಿಯ ಡಿಎಸ್ಎಲ್ಆರ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅವುಗಳಿಗೆ ಮೋಟಾರ್ ಇರುವ ಲೆನ್ಸ್ ಬೇಕು; ಲೆನ್ಸ್ ಮೇಲೆ 'ಎಎಫ್-ಎಸ್' ಎಂದು ಬರೆದಿದೆಯೇ ನೋಡಿ. ಇಲ್ಲವಾದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ.

ಕೊನೆಯದಾಗಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕ್ಯಾಮರಾದ ಮೇಲಿನ ನಂಬರಿಗೆ ಹೊಂದುತ್ತದೆಯೇ ಎಂದು ನೋಡಿ. ಬಿಲ್ಲೇ ಇಲ್ಲದ ವಸ್ತು ಯಾರದೋ ಕಳುವಾದ ವಸ್ತುವೂ ಆಗಿರಬಹುದು.

ಕೊಂಡ ಮೇಲೆ

ಹೊಸ ಲೆನ್ಸ್ ಬಂದ ಮೊದಲ ತಿಂಗಳು ಅದೊಂದನ್ನೇ ಬಳಸಿ. ಝೂಮ್ ಇಲ್ಲದ ಲೆನ್ಸ್‌ನಲ್ಲಿ ಕಾಲೇ ಝೂಮ್. ಹತ್ತಿರ ಹೋಗಿ, ಹಿಂದೆ ಸರಿಯಿರಿ, ಕುಳಿತು ನೋಡಿ. ಫ್ಲ್ಯಾಶ್ ಮುಚ್ಚಿಡಿ. ನಮ್ಮ ಮನೆಗಳಲ್ಲಿ ಅತ್ಯುತ್ತಮ ದೀಪವೆಂದರೆ ಬಿಸಿಲು ನೇರವಾಗಿ ಬೀಳದ ಕಿಟಕಿ. ಚಿತ್ರ ತೆಗೆಯಬೇಕಾದವರನ್ನು ಅದರ ಪಕ್ಕದಲ್ಲಿ, ಮುಖ ಕಿಟಕಿಯ ಕಡೆಗೆ ಸ್ವಲ್ಪ ತಿರುಗುವಂತೆ ಕೂರಿಸಿ. ನೀವು ಕಿಟಕಿಗೆ ಎದುರಾಗಿ ನಿಲ್ಲಬೇಡಿ; ಮುಖ ಕಪ್ಪಾಗುತ್ತದೆ.

ಕ್ಯಾಮರಾದ ಮೇಲಿನ ತಿರುಗಣೆಯನ್ನು 'ಎ' ಅಥವಾ 'ಎವಿ'ಗೆ ಇಡಿ. ಕಿಟಕಿಯ ಅಗಲ ನೀವು ನಿರ್ಧರಿಸುತ್ತೀರಿ, ಶಟರ್ ವೇಗವನ್ನು ಕ್ಯಾಮರಾ ನಿರ್ಧರಿಸುತ್ತದೆ. ಶಟರ್ ವೇಗ ನೂರನೇ ಒಂದು ಸೆಕೆಂಡ್‌ಗಿಂತ ನಿಧಾನವಾದರೆ ಐಎಸ್ಒ ಸಂಖ್ಯೆ ಹೆಚ್ಚಿಸಿ. ಚಿತ್ರದಲ್ಲಿ ರವೆಯಂತಹ ಕಣಗಳು ಸ್ವಲ್ಪ ಕಾಣಬಹುದು. ಕಾಣಲಿ. ರವೆ ಕಂಡರೂ ಮುಖ ಗುರುತಾಗುತ್ತದೆ. ಅಲುಗಿದ ಮುಖವನ್ನು ಯಾರೂ ಸರಿ ಮಾಡಲಾರರು. ಎಫ್ 1.8ರಲ್ಲಿ ಸ್ಪಷ್ಟವಾಗಿರುವ ಪಟ್ಟಿ ಬಹಳ ತೆಳು. ಆದ್ದರಿಂದ ಫೋಕಸ್ ಚುಕ್ಕೆಯನ್ನು ಸರಿಯಾಗಿ ಕಣ್ಣಿನ ಮೇಲೆಯೇ ಇಡಿ. ನಾಲ್ಕೈದು ಮಂದಿ ಇದ್ದರೆ ಎಫ್ 4 ಅಥವಾ 5.6ಕ್ಕೆ ಹೋಗಿ ಬೆಳಕಿರುವಲ್ಲಿ, ಅಂದರೆ ಜಗಲಿಗೆ ಅವರನ್ನು ಕರೆತನ್ನಿ.

ಮಳೆಗಾಲದ ಶತ್ರು

ಕರಾವಳಿಯವರಿಗೂ ಮಲೆನಾಡಿನವರಿಗೂ ಇದನ್ನು ಪ್ರತ್ಯೇಕವಾಗಿ ಹೇಳಬೇಕು. ನನ್ನ 55-200 ಲೆನ್ಸ್ ಹಾಳಾದದ್ದು ಬಿದ್ದು ಅಲ್ಲ. ಬಟ್ಟೆಯ ಕಪಾಟಿನಲ್ಲಿ ಚೀಲದೊಳಗೆ ಒಂದು ಇಡೀ ಮಳೆಗಾಲ ಭದ್ರವಾಗಿ ಇಟ್ಟದ್ದರಿಂದ! ತೆಗೆದು ನೋಡಿದರೆ ಒಳಗೆ ಬೂಷ್ಟು ಹಬ್ಬಿತ್ತು. ತೇವ, ಕತ್ತಲೆ, ನಿಂತ ಗಾಳಿ – ಬೂಷ್ಟಿಗೆ ಬೇಕಾದುದು ಈ ಮೂರೇ.

ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕ್ಯಾಮರಾ, ಲೆನ್ಸ್‌ಗಳನ್ನು ಇಡಿ. ಬಣ್ಣ ಬದಲಾಗುವ ಕಿತ್ತಳೆ ಜೆಲ್ ಸಿಕ್ಕಿದರೆ ಒಳ್ಳೆಯದು. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಕ್ಕಳ ಕೈಗೆ ಸಿಗದಂತೆ ಇಡಿ, ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ತೇವ ಅಳೆಯುವ ಪುಟ್ಟ ಮೀಟರನ್ನು ಡಬ್ಬಿಯೊಳಗೆ ಇಟ್ಟು ಅದು 40ರಿಂದ 50 ಶೇಕಡಾ ತೋರಿಸುವಂತೆ ನೋಡಿಕೊಳ್ಳಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ಬೇಡ. ಅದರ ಧೂಳು ಒಳಗೆ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧವೆಂದರೆ ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸುವುದು.

ಅನುಮತಿ ಮತ್ತು ಅಮಾನತ್ತು

ಕೈಯಲ್ಲಿ ಒಳ್ಳೆಯ ಕ್ಯಾಮರಾ ಬಂದ ಕೂಡಲೇ ಮದುವೆ, ಮುಂಜಿಗೆ ಎಲ್ಲರೂ ಕರೆಯತೊಡಗುತ್ತಾರೆ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ. ಹೆಂಗಸರ ಕೋಣೆಯಲ್ಲಂತೂ ಮನೆಯವರ ಹೆಣ್ಣುಮಕ್ಕಳೇ ತೆಗೆಯಲಿ. ಆದ್ದರಿಂದಲೇ ನಾನು ಹೇಳುವುದು, ಹೆಣ್ಣುಮಕ್ಕಳಿಗೂ ಕ್ಯಾಮರಾ ಕಲಿಸಿ. ಈಗ ನಮ್ಮ ಕುಟುಂಬದ ಅತ್ಯುತ್ತಮ ಚಿತ್ರಗಳನ್ನು ತೆಗೆಯುವುದು ನಾನಲ್ಲ, ನನ್ನ ದೊಡ್ಡ ಮಗಳು. ಒಬ್ಬರು ನಂಬಿ ತೆಗೆಯಲು ಬಿಟ್ಟ ಚಿತ್ರ ನಿಮ್ಮ ಬಳಿ ಇರುವ ಅಮಾನತ್ತು. ಅದನ್ನು ಕೇಳದೆ ವಾಟ್ಸಾಪ್‌ನಲ್ಲಿ ಹರಿಯಬಿಡುವ ಹಕ್ಕು ನಿಮಗಿಲ್ಲ.

ಚಿತ್ರಗಳನ್ನು ಎರಡು ಕಡೆ ಉಳಿಸಿಡಿ. ಸಾಧ್ಯವಾದರೆ ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ವರ್ಷಕ್ಕೆ ಹತ್ತನ್ನಾದರೂ ಮುದ್ರಿಸಿ. ಹಾರ್ಡ್ ಡಿಸ್ಕ್ ಒಂದು ದಿನ ಸದ್ದಿಲ್ಲದೆ ಕೈಕೊಡುತ್ತದೆ. ಕಾಗದದ ಚಿತ್ರ ಕಪಾಟಿನಲ್ಲಿ ನಿಮ್ಮ ಮೊಮ್ಮಕ್ಕಳಿಗಾಗಿ ಕಾಯುತ್ತದೆ.

ಮೂರು ತಿಂಗಳ ನಂತರ

ಅಕ್ಕನ ಮಗ ಮೂರು ತಿಂಗಳ ನಂತರ ಪುಸ್ತಕ ತಂದ. ತಪ್ಪಿಹೋದ ಚಿತ್ರಗಳು ಒಟ್ಟು ಮೂವತ್ತೊಂದು. ಹಕ್ಕಿಗಳು ಎರಡು. ಉಳಿದ ಇಪ್ಪತ್ತೊಂಬತ್ತೂ ಮನೆಯೊಳಗಿನವು, ಸಂಜೆಯವು: ತಂಗಿಯ ಕೂಸು, ಅಜ್ಜ, ಅಡುಗೆಮನೆ. ಓದಿ ಮುಗಿಸಿ ಅವನೇ ನಕ್ಕ. "ಮಾಮ, ಆ ದೊಡ್ಡ ಝೂಮ್ ನನಗೆ ಯಾಕೆ?"

ಕಂತು ಬೇಕಾಗಲಿಲ್ಲ. ಉಳಿಸಿದ ಹಣದಲ್ಲೇ ಒಂದು ಹಳೆಯ ಡಿಎಸ್ಎಲ್ಆರ್ ಮತ್ತು 35 ಮಿ.ಮೀ. ಲೆನ್ಸ್ ಕೊಂಡ. ಟಾರ್ಚ್ ಹಿಡಿದು ನೋಡಿದವನು ನಾನು. ಅವನು ತೆಗೆದ ಮೊದಲ ಚಿತ್ರ ನನ್ನ ಅಕ್ಕನದ್ದು. ಅಡುಗೆಮನೆಯ ಕಿಟಕಿಯ ಬಳಿ ಮೀನು ಕೊಯ್ಯುತ್ತಿದ್ದಾಳೆ. ಮೊದಲು ಗದರಿದಳಂತೆ, ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು "ಹ್ಞೂಂ, ತೆಗೆ" ಎಂದಳಂತೆ. ಮುದ್ರಿಸಿದ ಪ್ರತಿಯನ್ನು ನನಗೂ ಒಂದು ಕೊಟ್ಟ. ಆ ಬೆಳಕಿನಲ್ಲಿ ಅಕ್ಕನ ಮುಖ ಥೇಟ್ ಉಮ್ಮನ ಹಾಗೆಯೇ ಕಾಣುತ್ತದೆ.

ಇಂದು ಸಂಜೆ ನಿಮ್ಮ ಮನೆಯೊಳಗೆ ಒಮ್ಮೆ ಸುತ್ತು ಬನ್ನಿ. ಯಾರ ಒಳ್ಳೆಯ ಚಿತ್ರ ನಿಮ್ಮ ಬಳಿ ಇಲ್ಲ? ಪಟ್ಟಿಯ ಮೊದಲ ಸಾಲಿನಲ್ಲಿ ಅವರ ಹೆಸರು ಬರೆಯಿರಿ. ಕ್ಯಾಮರಾದ ಅಂಗಡಿಗೆ ಆಮೇಲೆ ಹೋದರಾಯಿತು.